ಒಪ್ಪೌ: ಗೊಬ್ಬರದ ಕಣಜ ಸಿಡಿದ ಹಳ್ಳಿ

ಜರ್ಮನಿಯ ರೈನ್ ನದಿಯ ಎಡದಂಡೆಯಲ್ಲಿ, ಲೂಡ್ವಿಗ್ಸ್‌ಹಾಫನ್ ನಗರದ ಉತ್ತರಕ್ಕೆ, ಒಪ್ಪೌ ಎಂಬ ಬೇಸಾಯಗಾರರ ಹಳ್ಳಿಯೊಂದಿದ್ದಿತು. ನಗರದಲ್ಲಿದ್ದ ಬಿ.ಎ.ಎಸ್.ಎಫ್. ಎಂಬುದು ಬಣ್ಣಗಳನ್ನು ತಯಾರಿಸುವ ಕಂಪನಿ. 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದು ನಮ್ಮ ದೇಶದ ನೀಲಿ ಬೆಳೆಗೆ ಸಂಚಕಾರ ತಂದ ಕಂಪನಿಯೇ ಇದು. ಗಾಳಿಯ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯವನ್ನು ಪಡೆಯುವ ಬಗೆಯನ್ನು ಫ್ರಿಟ್ಸ್ ಹಾಬರ್ ಪ್ರಯೋಗಶಾಲೆಯಲ್ಲಿ ತೋರಿಸಿದ್ದನು. ಸುಮಾರು 200 ವಾಯುಮಂಡಲಗಳ ಒತ್ತಡ, 500 ಡಿಗ್ರಿಗಳ ಉಷ್ಣತೆ; ಇಷ್ಟನ್ನೂ ತಾಳಬಲ್ಲ ಯಂತ್ರಗಳನ್ನು ಕಾರ್ಲ್ ಬಾಷ್ ರಚಿಸಿದನು. 1913ರಲ್ಲಿ, ಈ ವಿಧಾನದ ಜಗತ್ತಿನ ಮೊದಲ ಕಾರ್ಖಾನೆ ಒಪ್ಪೌವಿನಲ್ಲಿ ಕೆಲಸ ಆರಂಭಿಸಿತು. ಮರುವರ್ಷವೇ ಮಹಾಯುದ್ಧ, ಚಿಲಿ ದೇಶದ ಪೆಟ್ಲುಪ್ಪಿನ ಹಡಗುಗಳು ನಿಂತವು. ಪೈರಿಗೆಂದು ಹುಟ್ಟಿದ ಅಮೋನಿಯವೇ ಮದ್ದುಗುಂಡಿಗೂ ಮೂಲವಾಯಿತು.

ಯುದ್ಧಾನಂತರ ಅಲ್ಲಿ ಅಮೋನಿಯಂ ಸಲ್ಫೇಟ್ ಮತ್ತು ಅಮೋನಿಯಂ ನೈಟ್ರೇಟುಗಳ ಮಿಶ್ರಗೊಬ್ಬರವನ್ನು ತಯಾರಿಸುತ್ತಿದ್ದರು. ನೈಟ್ರೇಟು ಸಿಡಿಯಬಲ್ಲುದು, ಸಾಕಷ್ಟು ಸಲ್ಫೇಟು ಬೆರೆತಿದ್ದರೆ ಸಿಡಿಯದೆಂದು ಪರೀಕ್ಷೆಗಳಿಂದ ನಂಬಿದ್ದರು. ಮಳೆಗಾಲದ ಉಪ್ಪಿನಂತೆ ಈ ಗೊಬ್ಬರವೂ ಕಣಜದಲ್ಲಿ ಗಡ್ಡೆಗಟ್ಟುತ್ತಿತ್ತು. ಗುದ್ದಲಿ ನಾಟದಾದಾಗ ಕೆಲಸಗಾರರು ರಂಧ್ರ ಕೊರೆದು, ಸಿಡಿಮದ್ದಿಟ್ಟು ಅದನ್ನು ಸಡಿಲಿಸುತ್ತಿದ್ದರು. ನಮಗಿಂದು ಇದು ಹುಚ್ಚುತನವೆಂದು ತೋರೀತು. ಆದರೆ ಹೀಗೆ ಸುಮಾರು 20,000 ಸಲ ಸಿಡಿಸಿದಾಗಲೂ ಅಪಾಯವಾಗಿರಲಿಲ್ಲವೆಂಬುದನ್ನು ನಾವು ಮರೆಯಬಾರದು.

1921ರ ಸೆಪ್ಟೆಂಬರ್ 21ರ ಬೆಳಗ್ಗೆ ಏಳೂವರೆಯ ಸುಮಾರಿಗೆ ಕಣಜವೇ ಸಿಡಿಯಿತು. ಅದರಲ್ಲಿ 4,500 ಟನ್ ಗೊಬ್ಬರವಿದ್ದಿತು. ಸಿಡಿದುದು ಹತ್ತರಲ್ಲೊಂದು ಪಾಲು ಮಾತ್ರವೆಂದು ಅಂದಾಜು. ಅಷ್ಟರಿಂದಲೇ 100 ಮೀಟರಿಗೂ ಹೆಚ್ಚು ಉದ್ದದ, ಸುಮಾರು 19 ಮೀಟರ್ ಆಳದ ಹೊಂಡ ಬಿದ್ದಿತು. 500ಕ್ಕೂ ಹೆಚ್ಚು ಜನ ಮಡಿದರು. ಹಳ್ಳಿಯ ಬಹುಪಾಲು ಮನೆಗಳು ಹಾಳಾದವು.

ಕಾರಣವನ್ನು ಕಣ್ಣಾರೆ ಕಂಡು ಹೇಳಬಲ್ಲವರು ಉಳಿಯಲಿಲ್ಲ. ಆದರೆ ಆ ವರ್ಷದ ಮೊದಲಲ್ಲಿ ಗೊಬ್ಬರವನ್ನು ಒಣಗಿಸುವ ಕ್ರಮ ಬದಲಾಗಿದ್ದಿತು. ದ್ರಾವಣವನ್ನು ತುಂತುರಾಗಿ ಸಿಂಪಡಿಸಿ ಒಣಗಿಸತೊಡಗಿದ್ದರಿಂದ ಅದರ ತೇವ ನೂರಕ್ಕೆ 4ರಿಂದ 2ಕ್ಕೆ ಇಳಿಯಿತು. ಗೊಬ್ಬರದ ಸಾಂದ್ರತೆಯೂ ಕಡಿಮೆಯಾಯಿತು. ಒಣಗಿದ, ಸಾಂದ್ರತೆ ಕಡಿಮೆಯಾದ ಮಿಶ್ರಣ ಸ್ಫೋಟಕ್ಕೆ ಸುಲಭವಾಗಿ ಒಳಗಾಗುತ್ತದೆ. ಅಲ್ಲಲ್ಲಿ ನೈಟ್ರೇಟು ಹೆಚ್ಚಾಗಿ ಸೇರಿಕೊಂಡಿದ್ದಿರಲೂಬಹುದು. ಹೆಸರು ಹಳೆಯದು, ಕಣಜ ಹಳೆಯದು, ಸಿಡಿಸುವ ಪದ್ಧತಿ ಹಳೆಯದು; ಗೊಬ್ಬರ ಮಾತ್ರ ಹಳೆಯದಾಗಿರಲಿಲ್ಲ. ಬೆಲ್ಜಿಯಂ ದೇಶದ ಟೆಸೆಂಡರ್ಲೋ ಎಂಬಲ್ಲಿ 1942ರ ಏಪ್ರಿಲ್‌ನಲ್ಲಿ, ಗಟ್ಟಿಯಾಗಿದ್ದ ನೈಟ್ರೇಟನ್ನು ಇದೇ ರೀತಿ ಒಡೆಯಹೋಗಿ ಮತ್ತೆ ನೂರಾರು ಜೀವಗಳು ಹೋದುವೆಂಬುದನ್ನು ಓದಿದಾಗ ನಾವು ಬೆರಗಾಗುತ್ತೇವೆ.

ಒಪ್ಪೌವಿನ ಕಾರ್ಖಾನೆ ಕೆಲವೇ ತಿಂಗಳುಗಳಲ್ಲಿ ಮತ್ತೆ ನಡೆಯತೊಡಗಿತು. ಮನೆಗಳನ್ನೂ ಕಟ್ಟಿದರು. 1938ರಲ್ಲಿ ಹಳ್ಳಿಯು ಲೂಡ್ವಿಗ್ಸ್‌ಹಾಫನ್ ನಗರದೊಳಗೆ ಸೇರಿತು. ಇಂದು ಅದು ಆ ನಗರದ ಒಂದು ಬಡಾವಣೆ.