ಹಾಡಿನ ವಿಂಡೋಗೆ ಎಷ್ಟು ಜಾಗ?

ಕಂಪ್ಯೂಟರ್ ಪರದೆಯ ಮೇಲೆ ಮ್ಯೂಸಿಕ್ ಪ್ಲೇಯರ್‌ಗೆ ಬೇಕಾದ ಜಾಗ ಬಹಳ ಕಡಿಮೆ. ಹಾಡು ಕೇಳುವುದು ಕಿವಿ. ಕಣ್ಣಿಗೆ ಪ್ಲೇಯರ್ ಬೇಕಾಗುವುದು ಹಾಡು ಬದಲಿಸುವಾಗ, ದನಿ ಏರಿಸಿ ಇಳಿಸುವಾಗ ಮಾತ್ರ. ಆದರೆ ಬೇಕೆಂದಾಗ ಅದು ತಟ್ಟನೆ ಕೈಗೆ ಸಿಗಬೇಕು.

ಶಿವಮೊಗ್ಗದ ಗೋಪಾಳದಂಥ ಬಡಾವಣೆಯ ಡಿಟಿಪಿ ಅಂಗಡಿಯಲ್ಲಿ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಲಗ್ನಪತ್ರಿಕೆ ಟೈಪಾಗುತ್ತಿದೆ, ಜೊತೆಗೆ ಶಿವಮೊಗ್ಗ ಸುಬ್ಬಣ್ಣನವರ ಭಾವಗೀತೆ ಕೇಳಿಬರುತ್ತಿದೆ ಎಂದಿಟ್ಟುಕೊಂಡರೆ ತೊಡಕು ಗೊತ್ತಾಗುತ್ತದೆ. ವಿಂಡೋಗಳು ಮೇಜಿನ ಮೇಲೆ ಪೇರಿಸಿಟ್ಟ ಕಾಗದಗಳಿದ್ದಂತೆ. ಕೊನೆಯಲ್ಲಿ ಮುಟ್ಟಿದ್ದು ಎಲ್ಲಕ್ಕಿಂತ ಮೇಲೆ. ಪತ್ರಿಕೆಯ ಮೇಲೆ ಕ್ಲಿಕ್ ಮಾಡಿದೊಡನೆ ಪ್ಲೇಯರ್ ಅದರಡಿ ಮುಚ್ಚಿಹೋಗುತ್ತದೆ.

ಇದಕ್ಕೆ ಮೊದಲ ಪರಿಹಾರ ‘ಆಲ್ವೇಸ್ ಆನ್ ಟಾಪ್’, ಅಂದರೆ ಪ್ಲೇಯರ್ ಸದಾ ಎಲ್ಲಕ್ಕಿಂತ ಮೇಲೆ ಇರುವಂತೆ ಮಾಡುವುದು. ವಿಎಲ್‌ಸಿಯಂಥ ಪ್ಲೇಯರ್‌ಗಳ ಮೆನುವಿನಲ್ಲೇ ಈ ಆಯ್ಕೆಯಿದೆ. ಲಿನಕ್ಸ್‌ನ ಹಲವು ಡೆಸ್ಕ್‌ಟಾಪ್‌ಗಳಲ್ಲಿ ವಿಂಡೋದ ಶೀರ್ಷಿಕೆ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಉಚಿತ ‘ಪವರ್‌ಟಾಯ್ಸ್’ ಹಾಕಿಕೊಂಡರೆ ವಿಂಡೋಸ್, ಕಂಟ್ರೋಲ್, ಟಿ ಕೀಗಳನ್ನು ಒಟ್ಟಿಗೆ ಒತ್ತಿ ಯಾವ ವಿಂಡೋವನ್ನಾದರೂ ಮೇಲೆ ನಿಲ್ಲಿಸಬಹುದು.

ಮೇಲೆ ನಿಂತದ್ದು ಕೆಳಗಿನ ಅಕ್ಷರಗಳನ್ನು ಮರೆಮಾಡಬಾರದು. ಹಾಗಾಗಿ ಎರಡನೆಯ ಪರಿಹಾರ, ಕುಗ್ಗಿಸುವುದು. 1997ರಲ್ಲಿ ಬಂದ ವಿನ್ಆಂಪ್ ಪ್ಲೇಯರ್ ಇದರಲ್ಲಿ ಪಳಗಿತ್ತು. ಅದರ ಮುಖ್ಯ ವಿಂಡೋ 275 ಪಿಕ್ಸೆಲ್ ಅಗಲ, 116 ಪಿಕ್ಸೆಲ್ ಎತ್ತರ. ಮಡಚಿದರೆ ಎತ್ತರ ಬರೀ 14 ಪಿಕ್ಸೆಲ್. 1366×768ರ ಲ್ಯಾಪ್‌ಟಾಪ್ ಪರದೆಯಲ್ಲಿ ಬಿಚ್ಚಿದ ವಿಂಡೋ ಶೇಕಡ 3ರಷ್ಟು ಜಾಗ ಹಿಡಿದರೆ, ಮಡಚಿದ್ದು ಅರ್ಧ ಶೇಕಡವನ್ನೂ ಹಿಡಿಯುವುದಿಲ್ಲ. ಈ ಪಟ್ಟಿಯನ್ನು ಕೆಲಸದ ವಿಂಡೋದ ಶೀರ್ಷಿಕೆ ಪಟ್ಟಿಯ ಖಾಲಿ ಭಾಗದ ಮೇಲಿಟ್ಟರೆ ಏನೂ ಮುಚ್ಚುವುದಿಲ್ಲ. ಬಲ ತುದಿ ಮಾತ್ರ ಬೇಡ. ಅಲ್ಲಿ ವಿಂಡೋ ಮುಚ್ಚುವ ಗುಂಡಿ ಇರುತ್ತದೆ.

ಇನ್ನೊಂದು ಎಚ್ಚರಿಕೆ ಕೀಲಿಮಣೆಯದು. ಕೀ ಒತ್ತಿದ್ದು ತಲುಪುವುದು ಕೊನೆಯಲ್ಲಿ ಕ್ಲಿಕ್ ಮಾಡಿದ ವಿಂಡೋಗೆ. ವಿಎಲ್‌ಸಿಯಲ್ಲಿ ಹಾಡು ಬದಲಿಸಿ, ಪತ್ರಿಕೆಯ ಮೇಲೆ ಮತ್ತೆ ಕ್ಲಿಕ್ ಮಾಡದೆ ಟೈಪ್ ಮಾಡತೊಡಗಿದರೆ, ಪದಗಳ ನಡುವೆ ಒತ್ತಿದ ಸ್ಪೇಸ್‌ಬಾರ್ ಹಾಡನ್ನು ನಿಲ್ಲಿಸುತ್ತದೆ. ಪತ್ರಿಕೆಯಲ್ಲಿ ಒಂದಕ್ಷರವೂ ಮೂಡಿರುವುದಿಲ್ಲ.

ಏಕಕಾಲಕ್ಕೆ ಹಲವು ಕೆಲಸ ತೆರೆದಿಟ್ಟುಕೊಳ್ಳುವವರಿಗೆ ಮೂರನೆಯ ದಾರಿ, ಒಂದಕ್ಕಿಂತ ಹೆಚ್ಚು ಡೆಸ್ಕ್‌ಟಾಪ್. ವಿಂಡೋಸ್ 10ರಿಂದೀಚೆಗೆ ವಿಂಡೋಸ್ ಮತ್ತು ಟ್ಯಾಬ್ ಕೀ ಒತ್ತಿದರೆ ಹೊಸ ಡೆಸ್ಕ್‌ಟಾಪ್ ತೆರೆಯಬಹುದು. ಅಲ್ಲೇ ಪ್ಲೇಯರ್‌ನ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ, ಅದು ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ಕಾಣುವಂತೆ ಮಾಡಲೂ ಬರುತ್ತದೆ.

ಆಕಾಶವಾಣಿಯನ್ನೋ ಹಾಡನ್ನೋ ಬ್ರೌಸರ್‌ನಲ್ಲಿ ಕೇಳುವವರು ಅದಕ್ಕೊಂದು ಪ್ರತ್ಯೇಕ ವಿಂಡೋ ತೆರೆಯುವುದು ಒಳ್ಳೆಯದು. ಟ್ಯಾಬ್‌ಗಳ ನಡುವೆ ಇಟ್ಟರೆ ಬೇರೆ ಟ್ಯಾಬ್ ಮುಚ್ಚುವ ಭರದಲ್ಲಿ ಅದೂ ಮುಚ್ಚಿಹೋಗುತ್ತದೆ.

ಎಷ್ಟೋ ಕೀಲಿಮಣೆಗಳಲ್ಲಿ ಹಾಡು ನಿಲ್ಲಿಸುವ, ಮುಂದಿನದಕ್ಕೆ ಹೋಗುವ, ದನಿ ತಗ್ಗಿಸುವ ಪ್ರತ್ಯೇಕ ಕೀಗಳಿವೆ. ಅವು ಕೆಲಸ ಮಾಡುತ್ತಿದ್ದರೆ ಪ್ಲೇಯರ್ ವಿಂಡೋವನ್ನು ಟಾಸ್ಕ್‌ಬಾರ್‌ಗೆ ಇಳಿಸಿ ಪರದೆಯನ್ನೆಲ್ಲ ಕೆಲಸಕ್ಕೇ ಬಿಟ್ಟುಕೊಡುವುದು ಎಲ್ಲಕ್ಕಿಂತ ಸುಲಭ.