ಹುಳುವಿನ ಹಸಿವೇ ಗಡಿಯಾರ

ದಿನಚರಿಯ ಮಾತು ಬಂದೊಡನೆ ಮುದ್ದೇನಹಳ್ಳಿಯತ್ತ ಬೆರಳು ತೋರಿಸುವುದು ನಮ್ಮವರ ವಾಡಿಕೆ. ನೂರು ವರ್ಷ ದಾಟಿ 1962ರಲ್ಲಿ ಕಾಲವಾದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲನಿಷ್ಠೆಯನ್ನು ಹೇಳಿ ಮಕ್ಕಳನ್ನು ಎಚ್ಚರಿಸದ ತಂದೆತಾಯಿಯರು ವಿರಳ. ಆದರೆ ಅವರ ಶಿಸ್ತು ಸಂಕಲ್ಪಬಲದಿಂದ ಬಂದುದು. ಅಂಥ ಬಲ ಎಲ್ಲರ ಪಾಲಿಗೂ ಇರುವುದಿಲ್ಲ. ಗೋಡೆಯ ಮೇಲೆ ವೇಳಾಪಟ್ಟಿ ಅಂಟಿಸಿ, ಐದನೆಯ ದಿನಕ್ಕೆ ಅದರತ್ತ ನೋಡಲು ನಾಚುವವರೇ ಹೆಚ್ಚು. ಅಂಥವರು ಅದೇ ಚಿಕ್ಕಬಳ್ಳಾಪುರ ಜಿಲ್ಲೆಯ ಇನ್ನೊಂದು ಊರನ್ನು, ಶಿಡ್ಲಘಟ್ಟ ತಾಲ್ಲೂಕಿನ ಮೇಲೂರನ್ನು, ಒಮ್ಮೆ ನೋಡಿ ಬರಬೇಕು.

ಮೇಲೂರೂ ಅದರ ಸುತ್ತಣ ಹಳ್ಳಿಗಳೂ ರೇಷ್ಮೆಯ ಸೀಮೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಕೊಳವೆಬಾವಿಯ ನೀರಿನಲ್ಲಿ ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವುದೇ ಅನೇಕ ಮನೆಗಳ ಜೀವನೋಪಾಯ. ಈ ಮನೆಗಳಲ್ಲಿ ದಿನಚರಿಯನ್ನು ಬರೆದಿಡುವವರಿಲ್ಲ. ಅದನ್ನು ತಪ್ಪಿಸುವವರೂ ಇಲ್ಲ. ನಲವತ್ತು ಸಾವಿರ ಬಾಯಿಗಳು ಹಸಿದು ಕಾದಿರುವಾಗ ಇನ್ನು ಸ್ವಲ್ಪ ಮಲಗೋಣವೆಂದು ಮಗ್ಗುಲು ಬದಲಿಸುವವರು ಯಾರು?

ರೇಷ್ಮೆಹುಳುವಿನ ಬಾಳು ಸುಮಾರು ಇಪ್ಪತ್ತೈದು ದಿನಗಳದು. ಅಷ್ಟರಲ್ಲಿ ಅದು ನಾಲ್ಕು ಸಲ ಪೊರೆ ಬಿಡುತ್ತದೆ. ಹುಟ್ಟಿದಾಗಿನ ತೂಕ ಕೊನೆಗೆ ಹತ್ತು ಸಾವಿರ ಪಟ್ಟಿನಷ್ಟಾಗುತ್ತದೆ. ಮೊದಲ ಎರಡು ಹಂತದ ಎಳೆಯ ಹುಳುವನ್ನು ಚಾಕಿ ಎನ್ನುವರು. ಈಗ ಅನೇಕರು ಚಾಕಿ ಕೇಂದ್ರಗಳಲ್ಲಿ ಬೆಳೆದ ಹುಳುವನ್ನೇ ಕೊಂಡು ತರುವುದರಿಂದ ಆ ದಿನಗಳ ನವುರಾದ ಆರೈಕೆ ಮನೆಯವರಿಗೆ ತಪ್ಪಿದೆ. ಉಳಿದುದು ತಪ್ಪಿಲ್ಲ. ಬೆಳಗಿನ ತಂಪಿನಲ್ಲಿ ಸೊಪ್ಪು ಕೊಯ್ಯಬೇಕು, ಒದ್ದೆ ಗೋಣಿ ಹೊದಿಸಿ ಬಾಡದಂತೆ ಇಡಬೇಕು, ಹೊತ್ತುಹೊತ್ತಿಗೆ ಹಾಕಬೇಕು. ಬಾಡಿದ ಸೊಪ್ಪನ್ನಾಗಲಿ ಮಳೆಯಲ್ಲಿ ನೆನೆದ ಸೊಪ್ಪನ್ನಾಗಲಿ ಹಾಕಿ, ಹಾಸಿಗೆಯ ಶುಚಿಯನ್ನೂ ಮರೆತರೆ ಸಪ್ಪೆರೋಗವೋ ಹಾಲುತೊಂಡೆಯೋ ಕಾಲಿಡುತ್ತದೆ. ಸಾಲ ಮಾಡಿ ಸಾಕಿದ ಬೆಳೆ ಎರಡು ಮೂರು ದಿನಗಳಲ್ಲಿ ತಿಪ್ಪೆ ಸೇರುವುದುಂಟು.

ಎಡೆಬಿಡದೆ ದುಡಿಯುವುದೇ ಇಲ್ಲಿಯ ನಿಯಮವೆಂದು ಮಾತ್ರ ತಿಳಿಯಬಾರದು. ಪೊರೆ ಬಿಡುವ ಸಮಯಕ್ಕೆ ರೈತರು ಇಟ್ಟ ಹೆಸರು ಜ್ವರ. ಹುಳು ತಲೆಯೆತ್ತಿ ನಿಶ್ಚಲವಾಯಿತೆಂದರೆ ಜ್ವರಕ್ಕೆ ಕುಳಿತಿತೆಂದರ್ಥ. ಸುಮಾರು ಒಂದು ದಿನ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಮೊದಲು ಎದ್ದ ನಾಲ್ಕು ಹುಳುಗಳ ಮೇಲಿನ ಕನಿಕರದಿಂದ ಆತುರಪಟ್ಟು ಸೊಪ್ಪು ಹಾಕಿದರೆ ಕೆಟ್ಟಿತು! ಅವು ಮುಂದಾಗುತ್ತವೆ, ಉಳಿದವು ಹಿಂದಾಗುತ್ತವೆ, ಕೊನೆಯವರೆಗೂ ಸಮನಾಗುವುದಿಲ್ಲ. ಹೆಚ್ಚುಕಡಿಮೆ ಎಲ್ಲವೂ ಏಳುವವರೆಗೆ ಕಾಯುವುದೂ ಕೆಲಸದ ಒಂದು ಭಾಗವೇ. ಬಿಡುವನ್ನು ಸೋಮಾರಿತನವೆಂದು ಬಗೆದು ಭಾನುವಾರವೂ ಕಡತ ಹರಡಿಕೊಳ್ಳುವ ನಮ್ಮ ಪಟ್ಟಣಿಗರಿಗೆ ಈ ವಿವೇಕ ಹೊಸದಾಗಿ ಕಂಡೀತು.

ನಾಲ್ಕನೆಯ ಜ್ವರ ಎದ್ದ ಮೇಲೆ ಚಿತ್ರವೇ ಬೇರೆ. ಹುಳು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮಿಗಿಲಾಗಿ ಈ ಕೊನೆಯ ವಾರವೊಂದರಲ್ಲೇ ತಿಂದು ಮುಗಿಸುತ್ತದೆ. ಹುಳುಮನೆಯ ಬಾಗಿಲಲ್ಲಿ ನಿಂತರೆ ಎಲೆಯ ಮೇಲೆ ಮಳೆ ಬಿದ್ದಂತೆ ಮೇಯುವ ಸದ್ದು ಕೇಳುತ್ತದೆ. ಆಗ ಮನೆಯಲ್ಲಿ ಊಟಕ್ಕೆ ಹೊತ್ತಿಲ್ಲ, ನಿದ್ರೆಗೆ ಲೆಕ್ಕವಿಲ್ಲ. ವಿದ್ಯುತ್ತು ನಡುರಾತ್ರಿ ಬಂದರೆ ತೋಟಕ್ಕೆ ನೀರು ಹಾಯಿಸುವುದೂ ನಡುರಾತ್ರಿಯಲ್ಲೇ. ಊಜಿ ನೊಣ ನುಗ್ಗದಂತೆ ಕಿಟಕಿಯ ಪರದೆಯನ್ನೂ ಕಾಯಬೇಕು. ಈ ಭಾರದ ಬಹುಪಾಲು ಬೀಳುವುದು ಹೆಂಗಸರ ಮೇಲೆಂಬುದನ್ನು ಮುಚ್ಚಿಟ್ಟು ಶಿಸ್ತನ್ನು ಹೊಗಳುವುದು ಸರಿಯಲ್ಲ. ಮದುವೆಯ ಮನೆಯಲ್ಲಿ ನಾವು ಮುಟ್ಟಿ ಮೆಚ್ಚುವ ಸೀರೆಯ ಹಿಂದೆ, ಹತ್ತಿರದ ನೆಂಟರ ಮದುವೆಗೆ ಹೋಗಲಾರದೆ ಉಳಿದವಳು ಒಬ್ಬಳಿರಬಹುದು.

ಹುಳು ಹಣ್ಣಾಗಿ ಮೈ ಹೊಳಪೇರಿತೆಂದರೆ ಕೆಲವೇ ಗಂಟೆಗಳಲ್ಲಿ ಆರಿಸಿ ಚಂದ್ರಿಕೆಗೆ ಬಿಡಬೇಕು. ನೆಂಟರು, ಕೂಲಿಯವರು, ಶಾಲೆಯಿಂದ ಬಂದ ಮಕ್ಕಳು, ಎಲ್ಲರ ಕೈಯೂ ಬೇಕು. ಹುಳು ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುತ್ತದೆ. ಉತ್ತಮ ತಳಿಯ ಒಂದು ಗೂಡಿನ ಎಳೆ ಸುಮಾರು ಸಾವಿರ ಮೀಟರು. ಆಮೇಲೂ ಕಾಲದ ಕಾಟ ತಪ್ಪದು. ಗೂಡು ಬಿಡಿಸಿ ಬೇಗನೆ ಮಾರದಿದ್ದರೆ ಒಳಗಿನ ಚಿಟ್ಟೆ ಗೂಡು ತೂತುಮಾಡಿ ಹೊರಬರುತ್ತದೆ, ಎಳೆ ಕಡಿಯುತ್ತದೆ. ಬೆಲೆ ಏರಲೆಂದು ಕಾಯುವ ಭಾಗ್ಯ ರಾಗಿಯವನಿಗುಂಟು, ರೇಷ್ಮೆಯವನಿಗಿಲ್ಲ. ಇಷ್ಟು ಕಟ್ಟುನಿಟ್ಟಾಗಿ ದುಡಿದವನ ಕೈಯಲ್ಲಿ ಹರಾಜಿನ ಬೆಲೆಯೊಂದು ಮಾತ್ರ ಇಲ್ಲದಿರುವುದು ವಿಪರ್ಯಾಸವೇ ಸರಿ.

ಗೂಡು ಮಾರಿ ಬಂದ ಮೇಲೆ ಹುಳುಮನೆಯನ್ನು ತೊಳೆದು ಬ್ಲೀಚಿಂಗ್ ಪುಡಿಯ ನೀರು ಸಿಂಪಡಿಸುತ್ತಾರೆ. ಕತ್ತರಿಸಿದ ತೋಟ ಮತ್ತೆ ಚಿಗುರಿ ಸೊಪ್ಪು ಬಲಿಯಲು ಎರಡು ತಿಂಗಳಿಗೂ ಮಿಗಿಲು ಬೇಕಾದ್ದರಿಂದ, ಜಾಣ ರೈತ ತೋಟವನ್ನು ಭಾಗ ಮಾಡಿ, ಒಂದರ ಸೊಪ್ಪು ತೀರುವ ವೇಳೆಗೆ ಇನ್ನೊಂದರದು ಸಿದ್ಧವಾಗುವಂತೆ ದಿನ ಎಣಿಸಿಕೊಂಡಿರುತ್ತಾನೆ. ಮನೆಯಾಕೆ ತವರಿಗೆ ಹೋಗುವುದಿದ್ದರೆ ಈ ನಡುವಿನ ದಿನಗಳಲ್ಲೇ ಹೋಗಿ ಬರಬೇಕು. ಮುಂದಿನ ಚಾಕಿ ಹುಳು ಬರುವ ದಿನ ಆಗಲೇ ಗೊತ್ತಾಗಿರುತ್ತದೆ.