ಬೆಂಗಳೂರಲ್ಲಿ ಓದುವ ಮಕ್ಕಳ ಓಡಾಟದ ಖರ್ಚು: ಮೊದಲೇ ಲೆಕ್ಕ ಹಾಕೋಣ

ಮಗ ಅಥವಾ ಮಗಳಿಗೆ ಬೆಂಗಳೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದರೆ ಮನೆಯಲ್ಲಿ ಸಂತೋಷದ ಜೊತೆಗೆ ಲೆಕ್ಕಾಚಾರವೂ ಶುರುವಾಗುತ್ತದೆ. ಫೀಸು, ರೂಮಿನ ಬಾಡಿಗೆ, ಊಟದ ಖರ್ಚನ್ನು ಬರೆದಿಡುತ್ತೇವೆ. ಓಡಾಟದ ಖರ್ಚನ್ನು ಮಾತ್ರ ‘ಹೇಗೋ ಆಗುತ್ತದೆ’ ಎಂದು ಬಿಟ್ಟುಬಿಡುತ್ತೇವೆ. ಎರಡನೇ ತಿಂಗಳಿಗೇ ಫೋನು ಬರುತ್ತದೆ: “ಅಬ್ಬಾ, ದುಡ್ಡು ಸಾಲುತ್ತಿಲ್ಲ.”

ಒಂದು ಉದಾಹರಣೆ ನೋಡೋಣ. ಕಾಲೇಜಿನಿಂದ ದೂರದಲ್ಲಿ 2,000 ರೂಪಾಯಿ ಕಡಿಮೆ ಬಾಡಿಗೆಗೆ ರೂಮು ಸಿಕ್ಕಿತು ಎಂದಿಟ್ಟುಕೊಳ್ಳಿ. ಅಲ್ಲಿಂದ ಮೆಟ್ರೋದಲ್ಲಿ ಹೋಗಲು 60, ಬರಲು 60 ರೂಪಾಯಿ. ತಿಂಗಳಿಗೆ 24 ದಿನ ಓಡಾಡಿದರೆ 2,880 ರೂಪಾಯಿ. ಅಂದರೆ ಉಳಿಸಿದ್ದಕ್ಕಿಂತ ಹೆಚ್ಚೇ ಹೋಯಿತು. ಆದ್ದರಿಂದ ರೂಮು ಹುಡುಕುವಾಗ ಬಾಡಿಗೆಯನ್ನೂ ಪ್ರಯಾಣದ ಖರ್ಚನ್ನೂ ಕೂಡಿಸಿಯೇ ನೋಡಬೇಕು.

2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋ ದರ ಏರಿ, ಗರಿಷ್ಠ ಟಿಕೆಟ್ 90 ರೂಪಾಯಿ ಆಯಿತು. ಸ್ಮಾರ್ಟ್ ಕಾರ್ಡ್ ಇದ್ದರೆ ಶೇ. 5 ರಿಯಾಯಿತಿ ಇದೆ. ಜನಸಂದಣಿ ಇಲ್ಲದ ಹೊತ್ತಿನಲ್ಲಿ ಇನ್ನೂ ಶೇ. 5 ಸಿಗುತ್ತದೆ. ಆದರೂ ದಿನವೂ ಓಡಾಡುವವರಿಗೆ ಬಸ್ಸೇ ಅಗ್ಗ. ಬಿಎಂಟಿಸಿ ಸಾಮಾನ್ಯ ಬಸ್ಸಿನ ಮಾಸಿಕ ಪಾಸು 2025ರ ಜನವರಿಯಿಂದ 1,200 ರೂಪಾಯಿ. ವಿದ್ಯಾರ್ಥಿ ಪಾಸು ಇದಕ್ಕಿಂತ ಎಷ್ಟೋ ಕಡಿಮೆ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ತರಗತಿ ಆರಂಭವಾದ ವಾರವೇ ಹಾಕಿದರೆ ಅಷ್ಟು ದಿನದ ಟಿಕೆಟ್ ಹಣ ಉಳಿಯುತ್ತದೆ.

ಹೆಣ್ಣುಮಕ್ಕಳಿಗಂತೂ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಕರ್ನಾಟಕದ ನಿವಾಸಿಯಾಗಿದ್ದರೆ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲೂ, ಊರಿಗೆ ಬರುವ ಸರಕಾರಿ ಸಾಮಾನ್ಯ ಹಾಗೂ ಎಕ್ಸ್‌ಪ್ರೆಸ್ ಬಸ್ಸಿನಲ್ಲೂ ಟಿಕೆಟ್ ದರವಿಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ, ಕಂಡಕ್ಟರ್ ಕೊಡುವ ಶೂನ್ಯ ಟಿಕೆಟನ್ನು ಮರೆಯದೆ ಪಡೆದುಕೊಳ್ಳಬೇಕು. ವಜ್ರ, ರಾಜಹಂಸ, ಐರಾವತದಂಥ ಬಸ್ಸುಗಳಿಗೂ ಹೊರರಾಜ್ಯದ ಪ್ರಯಾಣಕ್ಕೂ ಇದು ಅನ್ವಯಿಸುವುದಿಲ್ಲ.

ಇನ್ನು ಹಬ್ಬಕ್ಕೆ ಊರಿಗೆ ಬರುವ ಮಾತು. ಈದ್ ಹತ್ತಿರವಾದಂತೆ ಖಾಸಗಿ ಬಸ್ಸಿನ ದರ ಏರುತ್ತದೆ. ರೈಲಿನಲ್ಲಿ 60 ದಿನ ಮೊದಲೇ ಸೀಟು ಕಾದಿರಿಸಬಹುದು. ಚಂದ್ರದರ್ಶನದಿಂದ ಒಂದು ದಿನ ಆಚೀಚೆ ಆಗಬಹುದಷ್ಟೇ, ಹಬ್ಬ ಯಾವ ವಾರ ಎಂಬುದು ಮೊದಲೇ ಗೊತ್ತಿರುತ್ತದೆ. ಹಿಂದಿನ ಒಂದೆರಡು ದಿನದ ಟಿಕೆಟ್ ಮಾಡಿಸಿಟ್ಟರೆ ಕೊನೆಯ ಗಳಿಗೆಯ ಓಡಾಟ ತಪ್ಪುತ್ತದೆ. ಸ್ವಂತ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಎರಡನೇ ದರ್ಜೆ ಮತ್ತು ಸ್ಲೀಪರ್‌ನಲ್ಲಿ ಅರ್ಧ ದರದ ರಿಯಾಯಿತಿಯೂ ಇದೆ. ಕಾಲೇಜಿನ ಮುಖ್ಯಸ್ಥರ ಪ್ರಮಾಣಪತ್ರ ತೆಗೆದುಕೊಂಡು ನಿಲ್ದಾಣದ ಕೌಂಟರಿನಲ್ಲೇ ಟಿಕೆಟ್ ಮಾಡಿಸಬೇಕು. ಇದು ಗೊತ್ತಿಲ್ಲದೆ ಪೂರ್ತಿ ದರ ಕೊಡುವವರೇ ಹೆಚ್ಚು.

“ಹುಡುಗಿಯನ್ನು ಅಷ್ಟು ದೂರ ಕಳಿಸಿದರೆ ಹೋಗಿ ಬರುವ ಖರ್ಚು ಯಾರು ಕೊಡುತ್ತಾರೆ?” ಎಂಬ ಮಾತಿಗೆ ಎಷ್ಟೋ ಹೆಣ್ಣುಮಕ್ಕಳ ಓದು ನಿಂತುಹೋಗಿದೆ. ಆ ಮಾತು ಆಡುವ ಮೊದಲು ಒಮ್ಮೆ ಕಾಗದ ಪೆನ್ನು ಹಿಡಿದು ಮಗಳ ಜೊತೆ ಕುಳಿತು ಲೆಕ್ಕ ಹಾಕಿ. ಬಸ್ಸಿನ ಖರ್ಚಿನ ಜಾಗದಲ್ಲಿ ಬರೆಯಬೇಕಾದದ್ದು ಸೊನ್ನೆ ಮಾತ್ರ.